ಮೇಲೊಂದು

ಬಸ್ಸು ದೇವರ ಹಿಪ್ಪರಗಿ ಬಿಟ್ಟು ಹೊರಬೀಳುವ ಹೊತ್ತಿಗೆ ಬಸವಂತರಾಯರ ಹೆಬ್ಬೆರಳು ಮತ್ತೊಮ್ಮೆ ಇಪ್ಪತ್ತಕ್ಕೇ ಹೋಗಿ ನಿಂತಿತು. ಇಪ್ಪತ್ತು ಆಗಕೂಡದಿತ್ತು, ಹತ್ತೊಂಬತ್ತು ಆಗಬೇಕಿತ್ತು. ತೊಡೆಯ ಮೇಲೆ ಹೊಸ ತಾಮ್ರದ ಕೊಡ. ಅದರ ಕೊರಳ ಸುತ್ತ ಸಣ್ಣ ಸಣ್ಣ ಚುಕ್ಕಿಗಳಲ್ಲಿ ಕೊರೆದ ಒಂದರ ಅಂಕಿಗಳು, ಪ್ರಾರ್ಥನೆಗೆ ನಿಂತ ಹುಡುಗರ ಹಾಗೆ, ಒಬ್ಬನಿಗಿಂತ ಒಬ್ಬ ಸಪೂರ. ಮೊದಲ ಸಲ ಎಣಿಸಿದಾಗ ಬಸ್ಸು ತಗ್ಗಿಗೆ ಇಳಿದು ಎದ್ದಿತ್ತು, ಬೆರಳು ಒಂದೇ ಅಂಕಿಯನ್ನು ಎರಡು ಸಲ ಮುಟ್ಟಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದರು. ಎರಡನೆಯ ಸಲ ತಪ್ಪನ್ನು ಡ್ರೈವರನ ಮೇಲೆ ಹಾಕಿದ್ದರು. ಮೂರನೆಯ ಸಲ ಬಸ್ಸು ಹಿಪ್ಪರಗಿ ಸ್ಟ್ಯಾಂಡಿನಲ್ಲಿ ನಿಂತೇ ಇದ್ದಾಗ, ಕಂಡಕ್ಟರು ಚಹಾಕ್ಕೆ ಇಳಿದು ಹೋಗಿದ್ದಾಗ, ಉಸಿರು ಬಿಗಿಹಿಡಿದು ಎಣಿಸಿದ್ದರು. ಇನ್ನು ತಪ್ಪು ಹೊರಿಸಲು ಯಾರೂ ಉಳಿದಿರಲಿಲ್ಲ. ಅಂಕಿಗಳ ಆರಂಭಕ್ಕೂ ಕೊನೆಗೂ ನಡುವೆ ‘ಬಸವಂತರಾಯ ಮಾಸ್ತರ, ಸಿಂದಗಿ’ ಎಂದು ಅವರದೇ ಹೆಸರು ಕೂತು, ಈ ಅಪರಾಧಕ್ಕೆ ಸಾಕ್ಷಿ ಹೇಳುತ್ತಿತ್ತು.

“ಏನ್ ಜಪಾ ಮಾಡಾಕತ್ತೀರಿ?” ಎಂದಳು ಪಕ್ಕದಲ್ಲಿದ್ದ ಹೆಂಡತಿ ಸುನಂದಾ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ.

“ಒಂದು ಹೆಚ್ಚಾಗೇತಿ.”

“ಹೆಚ್ಚಾದ್ರ ಇರ್ಲಿ ಬಿಡ್ರಿ. ಕಡಿಮಿ ಆಗಿದ್ರ ಚಿಂತಿ.”

ಅವಳಿಗೆ ಹೇಗೆ ತಿಳಿಸುವುದು? ಒಂದರ ಅಂಕಿಯನ್ನು ಹತ್ತೊಂಬತ್ತು ಸಲ ಸಾಲಾಗಿ ಬರೆದರೆ ಒಂದು ದೊಡ್ಡ ಸಂಖ್ಯೆ ಆಗುತ್ತದೆ, ಅದು ಅವಿಭಾಜ್ಯ. ಒಂದು ಮತ್ತು ತಾನು, ಈ ಎರಡು ಬಿಟ್ಟರೆ ಅದನ್ನು ಸಮನಾಗಿ ಭಾಗಿಸುವ ಸಂಖ್ಯೆ ಜಗತ್ತಿನಲ್ಲೇ ಇಲ್ಲ. ಹದಿನೇಳು ಸಲ ಬರೆದರೆ ಒಡೆಯುತ್ತದೆ, ಹದಿನೆಂಟು ಸಲ ಬರೆದರೆ ಒಡೆಯುತ್ತದೆ. ಹತ್ತೊಂಬತ್ತಕ್ಕೆ ಬಂದಾಗ ಮಾತ್ರ ಅದೇನೋ ಹಟ ಹಿಡಿದು ಕೂತುಬಿಡುತ್ತದೆ. ಇಪ್ಪತ್ತನೆಯ ಒಂದು ಬಂದು ಪಕ್ಕಕ್ಕೆ ನಿಂತ ಕೂಡಲೇ ಎಲ್ಲ ಮುಗಿಯಿತು. ಎರಡೆರಡು ಒಂದುಗಳು ಜೋಡಿಯಾಗಿ ಹನ್ನೊಂದು ಹನ್ನೊಂದು ಆಗಿ, ಹನ್ನೊಂದರಿಂದ ಕಣ್ಣುಮುಚ್ಚಿ ಭಾಗಿಸಬಹುದು. ಬರೀ ಹನ್ನೊಂದೇ? ನಲವತ್ತೊಂದು, ನೂರಾ ಒಂದು, ಇನ್ನೂರ ಎಪ್ಪತ್ತೊಂದು, ಮುಂದೆ ದೊಡ್ಡವು ಮೂರು, ಏಳು ಚೂರು. ಕಿಟಕಿಯಾಚೆ ತೊಗರಿಯ ಸಾಲುಗಳು ಓಡುತ್ತಿದ್ದವು, ಬಸವಂತರಾಯರಿಗೆ ಅವೂ ಏಳೇಳಾಗಿ ಒಡೆಯುವಂತೆ ಕಂಡವು. ಮದುವೆಯ ಕೊಡದ ಮೇಲೆ ಏಳು ಚೂರು ಕೊರೆಸಿಕೊಂಡು ಹೊರಟಿದ್ದೇನೆ ಎಂದುಕೊಂಡರು. ಅದೂ ಭಾಗ್ಯಾಳ ಮದುವೆಗೆ.

ಬೇರೆ ಯಾರ ಮದುವೆಯಾದರೂ ಆಗಿದ್ದರೆ ಇಪ್ಪತ್ತಲ್ಲ ಇನ್ನೂರು ಒಂದುಗಳಿದ್ದರೂ ಜನ ಅದನ್ನು ಕೊಡದ ಚಿತ್ತಾರ ಎಂದು ತಿಳಿದು ನೀರು ತುಂಬುತ್ತಿದ್ದರು. ಭಾಗ್ಯಾ ಹಾಗಲ್ಲ. ಕನ್ನೊಳ್ಳಿಯ ತಂಗಿಯ ಮಗಳು, ಹೈಸ್ಕೂಲು ಮುಗಿಯುವವರೆಗೆ ಸಿಂದಗಿಯಲ್ಲಿ ಇವರ ಮನೆಯಲ್ಲೇ ಇದ್ದವಳು. ರೊಟ್ಟಿ ತಿನ್ನುತ್ತ ತಿನ್ನುತ್ತ “ಮಾಮಾ, ತೊಂಬತ್ತೊಂದು ಒಡೀತದೇನು?” ಎಂದು ಕೇಳುತ್ತಿದ್ದಳು. “ಹದಿಮೂರೇಳ್ಲೆ” ಎಂದು ಇವರು ಹೇಳುವ ಮೊದಲೇ ತಾನೇ ಕೂಗಿ ಚಟ್ನಿಯನ್ನು ನೆತ್ತಿಗೇರಿಸಿಕೊಳ್ಳುತ್ತಿದ್ದಳು. ಈಗ ಎಂ.ಎಸ್ಸಿ. ಮಾಡಿ ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಗಣಿತವನ್ನೇ ಕಲಿಸುತ್ತಾಳೆ. ಇಡೀ ಬಳಗದಲ್ಲಿ ಇವರ ಮಾತು ಪೂರ್ತಿ ಅರ್ಥವಾಗುತ್ತಿದ್ದವಳು ಅವಳೊಬ್ಬಳೇ. ಆದ್ದರಿಂದಲೇ ನಿಶ್ಚಯದ ದಿನ ಆಡಿದ ಮಾತೂ ಅವಳೊಬ್ಬಳಿಗೇ ಪೂರ್ತಿ ಅರ್ಥವಾಗಿತ್ತು. ವರ ಶ್ರೀಶೈಲ, ಬಿ.ಕಾಂ. ಮಾಡಿ ಬಾಗೇವಾಡಿಯಲ್ಲಿ ಪಂಪುಸೆಟ್ಟಿನ ಅಂಗಡಿ ಇಟ್ಟವನು. ಭಾಗ್ಯಾ ತಾನೇ ಮೆಚ್ಚಿ ಬಂದು ತಾಯಿಗೆ ಹೇಳಿದ್ದಳು, ಮೊದಲು ತಮಗೆ ಹೇಳಲಿಲ್ಲ ಎಂಬ ಒಂದು ಸಣ್ಣ ಉರಿ ಇವರ ಹೊಟ್ಟೆಯಲ್ಲಿತ್ತು. ಊಟಕ್ಕೆ ಕೂತಾಗ ಯಾರೋ “ಏನಂತೀರಿ ಮಾಸ್ತರ, ಜೋಡಿ ಹೆಂಗೈತಿ?” ಎಂದರು. ಬಾಯಿಗೆ ಬಂದದ್ದು ಇಷ್ಟೇ: “ಎಂ.ಎಸ್ಸಿ.ನ ಬಿ.ಕಾಂ.ನಿಂದ ಭಾಗಿಸಿದ್ರ ಶೇಷ ಉಳೀತದ.”

ಪಂಕ್ತಿಯೇ ನಕ್ಕಿತು. ಶ್ರೀಶೈಲ ಎಲ್ಲರಿಗಿಂತ ಜೋರಾಗಿ ನಕ್ಕ, ಅದೂ ಇವರಿಗೆ ಸೇರಲಿಲ್ಲ. ಹೋಳಿಗೆ ನೀಡಲು ಬಂದ ಭಾಗ್ಯಾ ಮಾತ್ರ ನಗದೆ, ಇವರ ಎಲೆಯನ್ನು ದಾಟಿ ಮುಂದಿನವರಿಗೆ ಬಡಿಸಿದಳು. ಅಲ್ಲಿಂದೀಚೆ ಅವಳ ಫೋನಿಲ್ಲ. ಇವರು ಮಾಡಿದರೆ “ಅತ್ತೀಗಿ ಕೊಡ್ರಿ” ಎನ್ನುತ್ತಾಳೆ. ತಪ್ಪಾಯಿತು ಎನ್ನಲು ಇಪ್ಪತ್ತೆಂಟು ವರ್ಷ ಹುಡುಗರ ತಪ್ಪುಗಳಿಗೆ ಕೆಂಪು ಗೀಟು ಎಳೆದ ಮನುಷ್ಯನ ನಾಲಿಗೆ ಏಳಲಿಲ್ಲ. ಅದಕ್ಕೇ ಈ ಕೊಡ. ಯಾರಿಂದಲೂ ಒಡೆಯಲಾಗದ ಸಂಖ್ಯೆ. ಅವಳೊಬ್ಬಳೇ ಓದಿಕೊಳ್ಳುವ ಹಾಗೆ, ಊರ ಮುಂದೆ ತಾನು ಸಣ್ಣವನಾಗದ ಹಾಗೆ ಒಂದು ಆಶೀರ್ವಾದ. ಈಗ ಅದೇ ಕೊಡ ಅವಳಿಗೆ ಹೇಳಲಿರುವುದೇನು? ಅಂದು ಬಾಯಲ್ಲಿ ಆಡಿದ್ದನ್ನು ಮಾಮಾ ಇವತ್ತು ತಾಮ್ರದ ಮೇಲೇ ಕೊರೆಸಿ ತಂದಿದ್ದಾನೆ ಎಂದು. ಒಡೀತೀರಿ, ಏಳು ಚೂರಾಗ್ತೀರಿ ಎಂದು.

ಫೋನು ತೆಗೆದು ಸಿಂದಗಿಯ ಭಾಂಡೆ ಬಜಾರಿನ ಇಸಾಕನಿಗೆ ಹಚ್ಚಿದರು. ಪಾತ್ರೆಗಳ ಮೇಲೆ ಹೆಸರು ಕೊರೆಯುವವನು, ಇವರ ಹತ್ತಿರವೇ ಎಂಟನೆಯ ತರಗತಿ ಓದಿದವನು.

“ಇಸಾಕ, ಎಷ್ಟು ಹಾಕೀಯೋ?”

“ನೀವು ಹೇಳಿದ್ದು ಹತ್ತೊಂಬತ್ತರಿ, ಸರ್.”

“ಇಲ್ಲಿ ಇಪ್ಪತ್ತದಾವಲ್ಲ!”

“ಹೌದ್ರಿ. ಮ್ಯಾಲೊಂದು.”

“ಮ್ಯಾಲೊಂದು ಅಂದ್ರ?”

“ಆಹೇರ ಅಲ್ಲೇನ್ರಿ ಸರ್? ನೂರು ಕೊಟ್ರ ಮ್ಯಾಲೊಂದು, ಐನೂರು ಕೊಟ್ರ ಮ್ಯಾಲೊಂದು. ಮದುವಿ ಸಾಮಾನ ಬೋಳ ಬಿಡಬಾರದ್ರಿ. ನಿಮ್ಮ ಹತ್ತೊಂಬತ್ತರ ಮ್ಯಾಲ ನಂದೊಂದು. ಅದರ ಕೂಲಿ ಹಿಡದಿಲ್ರಿ ಮತ್ತ.”

“ಅಳಸಾಕ ಬರ್ತೈತೇನೋ?”

“ಅಳಸಾಕ ಹ್ವಾದ್ರ ಕೊಡಾ ತೂತ ಬೀಳ್ತೈತ್ರಿ. ಯಾಕ್ರಿ ಸರ್, ಛಂದ ಬಂದಿಲ್ಲೇನ್ರಿ?”

ಆ ಧ್ವನಿಯಲ್ಲಿ ಎಂಟನೆಯ ತರಗತಿಯ ಹುಡುಗ ಹಾಗೇ ಇದ್ದ, ಲೆಕ್ಕ ತಪ್ಪಿಸಿ ಸುತ್ತ ಹೂವಿನ ಅಂಚು ಬಿಡಿಸಿ ತಂದು ತೋರಿಸುತ್ತಿದ್ದವನು. “ಛಂದ ಬಂದೈತಿ” ಎಂದರು ಬಸವಂತರಾಯರು, ಫೋನು ಇಟ್ಟರು. ಮೇಲೊಂದು. ತಾವೂ ಎಷ್ಟು ಮದುವೆಗಳಲ್ಲಿ ಮುಯ್ಯಿಯ ಲಕೋಟೆಯೊಳಗೆ ಆ ಒಂದನ್ನು ಹಾಕಿಲ್ಲ! ನೂರು ಸುಲಭಕ್ಕೆ ಒಡೆಯುವ ಸಂಖ್ಯೆ, ಮೇಲೊಂದು ಬಿದ್ದರೆ ನೂರಾ ಒಂದು, ಅವಿಭಾಜ್ಯ. ಹಿರಿಯರು ಬಲ್ಲವರೇ ಎಂದು ತರಗತಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೂ ಉಂಟು. ಅದೇ ಒಂದು ಇವತ್ತು ತಿರುಗಿ ಬಂದು ತಮ್ಮ ಕೊರಳಿಗೇ ಬಿದ್ದಿದೆ. ಬೀಗದ ಕೈ ತೆಗೆದು ಕೊನೆಯ ಅಂಕಿಯನ್ನು ಮೆಲ್ಲಗೆ ಕೆರೆದು ನೋಡಿದರು. ಒಂದು ಹೋಗಿ ಏಳರ ಹಾಗೆ ಆಗತೊಡಗಿತು. ಗಾಬರಿಯಾಗಿ ನಿಲ್ಲಿಸಿ ಉಗುಳು ಹಚ್ಚಿ ಒರೆಸಿದರು.

“ಕೊಡಕ್ಕ ಉಗುಳು ಹಚ್ಚತಾರೇನ್ರಿ! ನಾ ಹೇಳಿದ್ದೆ, ಕುಕ್ಕರ ಕೊಡೂಣು ಅಂತ. ಕುಕ್ಕರ್‌ನ್ಯಾಗ ಲೆಕ್ಕ ಇರಂಗಿಲ್ಲ.”

“ಸೀಟಿ ಎಣಸಬೇಕಾಗ್ತೈತಿ” ಎಂದರು ಇವರು ಯಾಂತ್ರಿಕವಾಗಿ, ಮತ್ತು ಎಣಿಸಬೇಕಾಗುತ್ತದೆ ಎಂದ ಆ ಕ್ಷಣವೇ ತಲೆಯೊಳಗೆ ದೀಪ ಹತ್ತಿತು. ಅಳಿಸಲು ಬರದಿದ್ದರೆ ಸೇರಿಸಬಹುದಲ್ಲ! ಹತ್ತೊಂಬತ್ತರ ನಂತರ ಹಾಗೆ ಹಟ ಹಿಡಿದು ಕೂಡುವ ಮುಂದಿನ ಸಾಲು ಇಪ್ಪತ್ಮೂರು. ಇಪ್ಪತ್ಮೂರು ಒಂದುಗಳು, ಅದೂ ಅವಿಭಾಜ್ಯ. ಇನ್ನು ಮೂರು ಕೊರೆಸಿದರೆ ಇಸಾಕನ ಶುಭವೂ ಉಳಿಯಿತು, ತಮ್ಮ ಆಶೀರ್ವಾದವೂ ಉಳಿಯಿತು. ಹೆಸರಿನ ಪಕ್ಕ ಜಾಗವೂ ಇದೆ. ಬಾಗೇವಾಡಿಯಲ್ಲಿ ಇಳಿದವರೇ, ಅಕ್ಷತೆಯ ಅಕ್ಕಿಕಾಳಿನ ಹೊತ್ತು ಹತ್ತಿರ ಬಂತೆಂದು ಗೊಣಗುವ ಹೆಂಡತಿಯನ್ನು ಹಿಂದೆ ಹಾಕಿ, ಎದೆಗೆ ಕೂಸಿನಂತೆ ಕೊಡ ಅವಚಿಕೊಂಡು ಭಾಂಡೆ ಅಂಗಡಿ ಹುಡುಕಿಕೊಂಡು ನಡೆದರು.

ಅಂಗಡಿಯ ಬಾಬುಲಾಲ ದಪ್ಪ ಕನ್ನಡಕದ ಮನುಷ್ಯ, ಕೊಡವನ್ನು ತಿರುಗಿಸಿ ತಿರುಗಿಸಿ ನೋಡಿದ. “ಸಿಂದಗಿ ಕೆಲಸ. ಕೈ ಸಾಫ್ ಐತಿ. ಏನ್ ಹಾಕೂಣ್ರಿ?”

“ಇದ ಸಾಲಿನ್ಯಾಗ ಮೂರು ಒಂದು.”

ಬಾಬುಲಾಲ ಎತ್ತಿಕೊಂಡಿದ್ದ ಕೊರೆಯುವ ಮಷೀನು ಕೆಳಗಿಟ್ಟ. “ಮೂರು ಹಾಕಂಗಿಲ್ರಿ ಸರ್. ಎರಡು ಹಾಕತೇನಿ, ನಾಕು ಹಾಕತೇನಿ. ಮದುವಿ ಸಾಮಾನಿಗಿ ಮೂರು ಬ್ಯಾಡ್ರಿ.”

“ಒಟ್ಟ ಇಪ್ಪತ್ಮೂರು ಆಗ್ತಾವಲ್ಲ, ಮೂರು ಎಲ್ಲಿ ಬಂತು?”

“ನನ್ನ ಕೈಲೆ ಬೀಳೂವು ಮೂರ ಅಲ್ಲೇನ್ರಿ? ನಿಮ್ಮ ಮನ್ಯಾಗ ಬೀಗರಿಗಿ ಮೂರು ರೊಟ್ಟಿ ನೀಡ್ತೀರೇನು?”

ಬಸವಂತರಾಯರು ಎದ್ದು ನಿಂತು ಅಂಕಿಗಳಿಗೆ ಶುಭವೂ ಇಲ್ಲ ಅಶುಭವೂ ಇಲ್ಲ, ಮೂರು ಎಂಬುದು ಎರಡು ಮತ್ತು ನಾಲ್ಕರ ನಡುವೆ ಬರುವ ಒಂದು ಸಂಭಾವಿತ ಸಂಖ್ಯೆ, ಇಷ್ಟು ಓದು ಬರಹ ಬಂದಿರುವ ಕಾಲದಲ್ಲಿ ಹೀಗೆಲ್ಲ ಅನ್ನಬಾರದು ಎಂದು ತರಗತಿಯ ಧ್ವನಿಯಲ್ಲಿ ಹೇಳಿದರು. ಕೊಳ್ಳಲು ಬಂದಿದ್ದ ಹೆಂಗಸರಿಬ್ಬರು ಸೌಟು ಕೈಯಲ್ಲಿ ಹಿಡಿದೇ ಕೇಳಿದರು. ಬಾಬುಲಾಲ ಪ್ರತಿ ವಾಕ್ಯಕ್ಕೂ “ಹೌದ್ರಿ ಸರ್, ಖರೆ ಐತ್ರಿ” ಎಂದ. ಇಷ್ಟು ಸುಲಭಕ್ಕೆ ಯಾರೂ ತಮ್ಮ ಮಾತು ಒಪ್ಪಿದ್ದಿಲ್ಲ ಎಂದು ಆಗಲೇ ಅನುಮಾನ ಬರಬೇಕಿತ್ತು. ಆದರೆ ಅಷ್ಟರಲ್ಲಿ ಕರೆಂಟು ಹೋಯಿತು. ಸುನಂದಾ ರಸ್ತೆಯಿಂದಲೇ “ಅಕ್ಕಿಕಾಳಿಗಿ ಸೋದರಮಾವ ಇಲ್ಲಂದ್ರ ನಿಮ್ಮ ತಂಗಿ ನನ್ನ ಜೀವಾ ತಿಂತಾಳ, ನಡೀರಿ!” ಎಂದು ಕೂಗಿದಳು. “ನೀವು ಅಕ್ಕಿಕಾಳ ಹಾಕಿ ಬರ್ರಿ ಸರ್, ಕರೆಂಟ್ ಬಂದ ಗಳಿಗಿಗೆ ಮಾಡಿ ಇಟ್ಟಿರತೇನಿ” ಎಂದ ಬಾಬುಲಾಲ. ಹೋದರು, ಅಕ್ಕಿಕಾಳು ಹಾಕಿದರು, ವಧುವಿನ ಮುಖ ನೋಡಲಾಗದೆ ಅವಳ ಬಾಸಿಂಗ ನೋಡಿದರು, ಓಡುತ್ತ ಬಂದರು. ಕೊಡ ಹಳೆಯ ಪೇಪರಿನಲ್ಲಿ ಸುತ್ತಿ ಸುತಳಿ ಕಟ್ಟಿ ತಯಾರಿತ್ತು. ಬಾಬುಲಾಲ ಎರಡೂ ಕೈಯಿಂದ ಕೊಟ್ಟ. “ಛಲೋ ಆಗೇತ್ರಿ. ಹುಡುಗಿ ಸುಖವಾಗಿರತಾಳ” ಎಂದ. ಬಿಚ್ಚಿ ಎಣಿಸಬೇಕು ಎಂದು ಬೆರಳು ತುಡಿಯಿತು. ಸುತಳಿಯ ಗಂಟು ಬಿಗಿಯಿತ್ತು, ಅದಕ್ಕಿಂತ ಹೆಚ್ಚಾಗಿ ಸಮಾಧಾನ ಬೇಕಾಗಿತ್ತು. ಇಪ್ಪತ್ಮೂರು ಒಂದುಗಳನ್ನು ಹೊತ್ತುಕೊಂಡಿದ್ದೇನೆ ಎಂಬ ನಂಬಿಕೆಯಲ್ಲಿ ಬಸವಂತರಾಯರು ಹೂವಿನಷ್ಟು ಹಗುರಾಗಿ ಕಲ್ಯಾಣ ಮಂಟಪದ ಮೆಟ್ಟಿಲು ಹತ್ತಿದರು.

ಆಹೇರ ಕೂಗಲು ವರನ ಕಡೆಯ ಪರಸಪ್ಪ ಮೈಕು ಹಿಡಿದು ನಿಂತಿದ್ದ. ಹಿರಿಯ ಮನುಷ್ಯ, ಗಂಟಲು ಮಾತ್ರ ಹದಿನೆಂಟರದು. “ಮೊದಲಿಗಿ ಹುಡುಗಿ ಸೋದರಮಾವನ ಆಹೇರ! ಸಿಂದಗಿಯ ಬಸವಂತರಾಯ ಮಾಸ್ತರು, ಒಂದು ತಾಮ್ರದ ಕೊಡ!” ಎಂದು ಕೂಗಿ, ಪೇಪರು ಹರಿದು, ಕೊಡವನ್ನು ಬೆಳಕಿಗೆ ಹಿಡಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪರಸಪ್ಪ ಕೊಟ್ಟವರ ಹೆಸರನ್ನು ಸಾಮಾನಿನ ಮೇಲಿದ್ದಂತೆ ಅಕ್ಷರಕ್ಕೆ ಅಕ್ಷರ ಓದುವ ಶಿಸ್ತಿನವನು. ಕೊಡದ ಮೇಲೆ ಏನು ಬರೆದಿದೆಯೋ ಅದೆಲ್ಲ ಊರಿಗೆ ತಿಳಿಯಬೇಕು. ಕೊರಳ ಮೇಲೆ ಬೆರಳಿಟ್ಟು ಶುರು ಮಾಡಿದ.

“ಒಂದು! ಒಂದು! ಒಂದು! ಒಂದು!”

ಮಂಟಪ ತಿರುಗಿ ನೋಡಿತು. ಮೂಲೆಯಲ್ಲಿದ್ದ ಮೈಕಿನವನು “ಬರಾಕತ್ತೈತ್ರಿ ಕಾಕಾ, ಸೌಂಡ್ ಸರಿ ಐತಿ!” ಎಂದು ಕೈಯೆತ್ತಿದ. ಪರಸಪ್ಪ ಅವನ ಕಡೆ ಕೆಂಗಣ್ಣು ಬಿಟ್ಟು ಓದಿದ. “ಒಂದು! ಒಂದು!” ಊಟದ ಕೋಣೆಯ ಕಡೆ ಯಾರೋ, ಮೊದಲ ಪಂಕ್ತಿಗೆ ಕರೆಯುತ್ತಿದ್ದಾರೆಂದು ತಿಳಿದು, ಜನರನ್ನು ಎಬ್ಬಿಸಿದರು. ಬಸವಂತರಾಯರು ಏನನ್ನೂ ಕೇಳಲಿಲ್ಲ, ಎಣಿಸುತ್ತಿದ್ದರು. ಹನ್ನೆರಡು, ಹದಿಮೂರು. ಮೇಲೆ ಕುರ್ಚಿಯಲ್ಲಿ ಕೂತ ಭಾಗ್ಯಾಳ ತುಟಿಗಳೂ ಅಲುಗುತ್ತಿರುವುದು ಕಂಡಿತು. ಅವಳೂ ಎಣಿಸುತ್ತಿದ್ದಾಳೆ! ಹತ್ತೊಂಬತ್ತಕ್ಕೆ ಅವಳ ಹುಬ್ಬು ಏರಿತು, ಇಲ್ಲೇ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತು. ನಿಲ್ಲಲಿಲ್ಲ, ಇಪ್ಪತ್ತಾಯಿತು, ಹುಬ್ಬು ಇಳಿಯಿತು. ತಾಳವ್ವಾ, ಎಂದರು ಮನಸ್ಸಿನಲ್ಲೇ, ಇನ್ನು ಮೂರು. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ಮೂರು. ಆಹಾ, ಎಂದು ಅವರು ತಡೆದಿದ್ದ ಉಸಿರು ಬಿಟ್ಟರು.

“ಒಂದು!” ಎಂದ ಪರಸಪ್ಪ.

ನಾಲ್ಕು. ಬಾಬುಲಾಲ ನಾಲ್ಕು ಹಾಕಿದ್ದ. ಹೌದ್ರಿ ಸರ್, ಖರೆ ಐತ್ರಿ ಸರ್ ಎನ್ನುತ್ತಲೇ, ಹುಡುಗಿ ಸುಖವಾಗಿರಲಿ ಎಂದು. ಇಪ್ಪತ್ತನಾಲ್ಕು ಒಂದುಗಳು. ಬಸವಂತರಾಯರ ಬುದ್ಧಿ, ತಡೆಯೆಂದರೂ ಕೇಳದೆ, ನಿಂತ ನಿಲುವಿನಲ್ಲೇ ಅದನ್ನು ಒಡೆಯತೊಡಗಿತು. ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು, ಎಪ್ಪತ್ಮೂರು... ಏಳು ಚೂರಿದ್ದದ್ದು ಹತ್ತು ಚೂರಾಗಿತ್ತು. ಇದಕ್ಕಿಂತ ಚೆನ್ನಾಗಿ ಒಡೆಯುವ ಸಾಲನ್ನು ಬೇಕೆಂದು ಹುಡುಕಿದರೂ ಸುತ್ತಮುತ್ತ ಸಿಗಲಿಕ್ಕಿಲ್ಲ. ಕಾಲುಗಳು ತಾವಾಗಿಯೇ ವೇದಿಕೆ ಹತ್ತಿದವು, ಹಿಂದೆ ಆಹೇರದವರ ಸಾಲು, ಪಕ್ಕದಲ್ಲಿ ಸುನಂದಾ. ಪರಸಪ್ಪ ಕೊಡವನ್ನು ವರನ ಕೈಗಿಟ್ಟ. ಭಾಗ್ಯಾ ಮಾಮಾನನ್ನು ನೋಡಿದಳು. ನಿಶ್ಚಯದ ದಿನ ಎಲೆ ದಾಟುವಾಗ ನೋಡಿದ ಹಾಗೆಯೇ.

“ಇಪ್ಪತ್ನಾಕು?” ಎಂದಳು.

“ನಾ ಹತ್ತೊಂಬತ್ತು ಹೇಳಿದ್ದೆ ಭಾಗ್ಯಾ, ಇಸಾಕ ಮ್ಯಾಲೊಂದು ಹಾಕಿದ. ಸುಧಾರಸಾಕ ಮೂರು ಹೇಳಿದೆ, ಬಾಬುಲಾಲ ನಾಕು ಹಾಕಿದ. ನಾ ಬೈದಿಲ್ಲ. ಅವತ್ತ ಬೈದದ್ದು ಖರೆ. ಅವತ್ತಿಂದು ತಪ್ಪಾತವ್ವಾ. ಇವತ್ತಿಂದು ನನ್ನದಲ್ಲ.”

ಇಷ್ಟು ಸುಲಭವಾಗಿ ಹೊರಬಿದ್ದೀತು ಎಂದು ಅವರಿಗೇ ಗೊತ್ತಿರಲಿಲ್ಲ. ಮೈಕು ಹತ್ತಿರವೇ ಇದ್ದುದರಿಂದ ಅರ್ಧ ಮಾತು ಮಂಟಪಕ್ಕೂ ಹೋಯಿತು. ಯಾರಿಗೂ ಏನೂ ತಿಳಿಯದೆ ಎರಡು ಕಡೆಯಿಂದ ಚಪ್ಪಾಳೆ ಬಿತ್ತು. ಅಷ್ಟರಲ್ಲಿ, ಕೊಡವನ್ನು ಮಡಿಲಲ್ಲಿ ಹಿಡಿದು ಹಲ್ಲು ಕಿರಿದು ಕೂತಿದ್ದ ಶ್ರೀಶೈಲ ಬಾಯಿ ಬಿಟ್ಟ.

“ಇಪ್ಪತ್ನಾಕು ಒಂದು ಅಂದ್ರ ಮೂರರಿಂದ ಹೋಗ್ತೈತಲ್ರಿ, ಮಾಮಾರ?”

“ಏನಂದಿ?”

“ಅಂಕಿ ಕೂಡಿಸಿದ್ರ ಇಪ್ಪತ್ನಾಕು. ಮೂರೆಂಟ್ಲೆ. ಶೇಷ ಉಳಿಯಂಗಿಲ್ರಿ.”

ಹೇಳಬೇಕೆಂದು ಹೇಳಿದ್ದಲ್ಲ. ಪಂಪುಸೆಟ್ಟಿನ ಬಿಲ್ಲು ಓದುವವನ ಹಾಗೆ ಹೇಳಿದ. ಭಾಗ್ಯಾ ಮಾತ್ರ ಗಂಡನ ಕಡೆ ತಿರುಗಿದಳು, ಆಮೇಲೆ ಮಾಮಾನ ಕಡೆ. ತುಟಿಯ ಅಂಚಿನಲ್ಲಿ, ಚಟ್ನಿ ನೆತ್ತಿಗೇರಿಸಿಕೊಳ್ಳುತ್ತಿದ್ದ ಆ ಹುಡುಗಿ ಇಣುಕಿದಳು. “ಕೇಳಿದ್ರೇನ್ರಿ ಮಾಮಾ? ನೀವು ಹೇಳಿದಂಗ ಹತ್ತೊಂಬತ್ತ ಇದ್ದಿದ್ರ ಎದರಿಂದ ಭಾಗಿಸಿದ್ರೂ ಶೇಷ ಉಳೀತಿತ್ತು. ನೀವು ಅವತ್ತ ಆಡಿದ್ದ ಮಾತನ್ನ ಕೊಡದ ಮ್ಯಾಲ ಕೊರಿಸಿ ಕೊಟ್ಟಂಗ ಆಗ್ತಿತ್ತು.”

ಇಷ್ಟು ದಿನ, ಇಷ್ಟು ರಾತ್ರಿ ಆ ಸಂಖ್ಯೆಯ ಹಟವನ್ನು ಹೊಗಳಿಕೊಂಡ ಬಸವಂತರಾಯರಿಗೆ, ಅವಿಭಾಜ್ಯ ಎಂದರೆ ಪ್ರತಿ ಭಾಗಾಕಾರದಲ್ಲೂ ಶೇಷ ಉಳಿಸಿಕೊಂಡು ಕೂಡುವ ಸಂಖ್ಯೆ ಎಂಬುದು ಹೊಳೆದೇ ಇರಲಿಲ್ಲ. ಆರನೆಯ ತರಗತಿಯ ಪುಸ್ತಕದಲ್ಲೇ ಇದೆ. ಇದು ಅವಮಾನವೋ ಬಿಡುಗಡೆಯೋ ಎಂದು ತೀರ್ಮಾನಿಸಲು ಪುರುಸೊತ್ತಾಗುವ ಮುನ್ನ ಒಳಗಿನ ಮಾಸ್ತರು ಎದ್ದು, ವರನ ಕಡೆ ಬೆರಳು ಮಾಡಿ, “ಮುಂದ?” ಎಂದರು.

“ಹನ್ನೊಂದರಿಂದ ಹೋಗ್ತೈತ್ರಿ. ಜೋಡಿ ಜೋಡಿ ಅದಾವಲ್ಲ.”

“ಮುಂದ?” ಎಂದಳು ಈಗ ಭಾಗ್ಯಾ. ಅವಳೂ ಮಾಸ್ತರಳೇ.

ಶ್ರೀಶೈಲ ತಲೆ ಕೆರೆಯಲು ಹೋಗಿ ಬಾಸಿಂಗಕ್ಕೆ ಕೈ ತಾಗಿಸಿಕೊಂಡ. ಹಿಂದಿನ ಸಾಲಿನಿಂದ “ಏನ್ ನಡಸೀರಿ ಅಲ್ಲಿ? ಊಟ ಆರಾಕತ್ತೈತಿ!” ಎಂಬ ಕೂಗು ಬಂತು. ಫೋಟೋದವನು “ಮಾಮಾರ, ಒಂಚೂರು ಇತ್ಲಾಗ ನೋಡ್ರಿ” ಎಂದ. ಯಾರೂ ನೋಡಲಿಲ್ಲ. ವರನ ಹಣೆಯಲ್ಲಿ ಬೆವರು ಮೂಡಿತು, ಅವನ ನಗು ಮೊದಲ ಸಲ ಮಾಯವಾಯಿತು, ಅವನು ಹೆಂಡತಿಯ ಮುಖವನ್ನೂ ಕೊಡವನ್ನೂ ನೋಡುತ್ತ ನಿಜವಾಗಿಯೂ ಲೆಕ್ಕ ಹಾಕುತ್ತಿದ್ದ. ಬರದಿದ್ದರೂ ಬಿಡುವವನಲ್ಲ. ಹುಡುಗ ಪಾಸಾಗಲಿ ಎಂದು ಬಸವಂತರಾಯರಿಗೆ ಇದ್ದಕ್ಕಿದ್ದಂತೆ ಅನಿಸಿತು, ಬಹಳ ಜೋರಾಗಿ ಅನಿಸಿತು. ಪರೀಕ್ಷೆಯ ಕೋಣೆಯಲ್ಲಿ ಪಕ್ಕದವನಿಗೆ ತುಟಿ ಅಲುಗಿಸಿದವರನ್ನೆಲ್ಲ ಹೊರಗೆ ಅಟ್ಟಿದ್ದ ಆ ಮನುಷ್ಯ, ಭಾಗ್ಯಾಳಿಗೆ ಕಾಣದಂತೆ ಪಂಚೆಯ ಮಗ್ಗುಲಲ್ಲಿ ಒಂದು ಕೈಯ ಐದು ಬೆರಳು, ಇನ್ನೊಂದು ಕೈಯ ಎರಡು ಬೆರಳು ಬಿಚ್ಚಿದರು.

“ಏಳು!” ಎಂದ ಶ್ರೀಶೈಲ.

“ಹೌದು” ಎಂದಳು ಭಾಗ್ಯಾ, ಬೆರಗಾಗಿ. “ಮುಂದ?”

ಮುಂದಿನದು ಹದಿಮೂರು. ಬಸವಂತರಾಯರು ಹತ್ತೂ ಬೆರಳು ಬಿಚ್ಚಿದರು, ಅಲ್ಲಿಗೆ ಬೆರಳು ಮುಗಿದವು. ವರ ಆ ಹತ್ತನ್ನೇ ನಂಬಿ ಬಾಯಿ ತೆರೆಯುತ್ತಿದ್ದ. ಇವರು ಕಣ್ಣಲ್ಲೇ ಬೇಡ ಬೇಡ ಎನ್ನುತ್ತ, ಮೊಣಕೈಯಿಂದ ಹೆಂಡತಿಯನ್ನು ತಿವಿದರು.

“ಎಷ್ಟ ಬೇಕು?” ಎಂದಳು ಸುನಂದಾ, ಪಿಸುಮಾತಿನಲ್ಲಿ, ಯಾತಕ್ಕೆ ಎಂದು ಕೇಳದೆ.

“ಮೂರು.”

ಸುನಂದಾ ಸೆರಗಿನ ಕೆಳಗಿನಿಂದ ಕೈ ತೆಗೆದು, ಮದುವೆಯ ವೇದಿಕೆಯ ಮೇಲೆ, ಇಡೀ ಬಳಗದ ಎದುರಿಗೆ, ಗಂಡನ ಹತ್ತರ ಪಕ್ಕ ಮೂರು ಬೆರಳು ಎತ್ತಿ ಹಿಡಿದಳು.